ಮಹಾಸಭೆಯಲ್ಲಿ ಮಾತಿಗೊಂದು ಸರದಿ, ಮತಕ್ಕೊಂದು ಕ್ರಮ



ಮಳೆಯ ಜೋರು ತಗ್ಗಿ, ತೋಟದಲ್ಲಿ ಕೊಳೆರೋಗದ ಔಷಧಿ ಹೊಡೆಯುವ ಕೆಲಸ ಒಂದು ಹಂತಕ್ಕೆ ಬಂದು, ಕೊಯ್ಲಿಗೆ ಇನ್ನೂ ಸ್ವಲ್ಪ ಬಿಡುವಿರುವ ಹೊತ್ತಿಗೆ ನಮ್ಮ ಕಡೆಯ ಸಹಕಾರ ಸಂಘಗಳ ವಾರ್ಷಿಕ ಮಹಾಸಭೆಗಳು ಒಂದರ ಹಿಂದೊಂದು ಬರುತ್ತವೆ. ಸೆಪ್ಟೆಂಬರ್ ತಿಂಗಳಲ್ಲಿ ಒಬ್ಬ ಬೆಳೆಗಾರ ಮೂರು ನಾಲ್ಕು ಮಹಾಸಭೆಗಳ ಊಟ ಉಣ್ಣುವುದೂ ಉಂಟು. ಆದರೆ ಸಭೆ ಮುಗಿಸಿ ಮನೆಗೆ ಬಂದವರನ್ನು "ಇವತ್ತು ಏನು ತೀರ್ಮಾನವಾಯಿತು?" ಎಂದು ಮನೆಯವರು ಕೇಳಿದರೆ, "ಏನೋ ಗಲಾಟೆ ಆಯಿತಪ್ಪ" ಎಂಬ ಉತ್ತರ ಬರುವುದೇ ಹೆಚ್ಚು. ಏನು ಗೊತ್ತುವಳಿಯಾಯಿತು, ಯಾರು ಸೂಚಿಸಿದರು, ಎಷ್ಟು ಮಂದಿ ಒಪ್ಪಿದರು ಎಂದು ಬಿಡಿಸಿ ಹೇಳಬಲ್ಲವರು ಕಡಿಮೆ. ಸಭೆ ನಡೆಸುವುದಕ್ಕೂ ಒಂದು ಕ್ರಮವಿದೆ. ಅದು ವಿಧಾನಸಭೆಗೆ, ಲೋಕಸಭೆಗೆ ಮಾತ್ರ ಮೀಸಲಾದದ್ದಲ್ಲ. ಆ ಕ್ರಮದಲ್ಲಿ ನಮ್ಮಂಥ ಸಣ್ಣ ಹಿಡುವಳಿದಾರರ ಸಂಘಗಳಿಗೆ ಬೇಕಾದಷ್ಟನ್ನು ಈ ಲೇಖನದಲ್ಲಿ ವಿವರಿಸಬೇಕೆಂದಿದ್ದೇವೆ.

ನಾವು ಕುಳಿತಿದ್ದ ಒಂದು ಸಭೆ

ಕೆಲವು ವರ್ಷಗಳ ಹಿಂದಿನ ಮಾತು. ಸಂಘದ ಹೆಸರು ಇಲ್ಲಿ ಬೇಡ. ಹೆಸರು ಹೇಳಿದರೆ ತಪ್ಪು ಅವರದೊಂದೇ ಎಂದಾಗುತ್ತದೆ. ಆ ತಪ್ಪಿನಲ್ಲಿ ನಾವೂ ಪಾಲುದಾರರು.

ಆ ಸಂಘದ ವ್ಯಾಪ್ತಿಯ ನಡುವೆ ಹೊಳೆಯೊಂದು ಹರಿಯುತ್ತದೆ. ಕಚೇರಿ, ಗೋದಾಮು ಎಲ್ಲವೂ ಹೊಳೆಯ ಈಚೆ. ಸದಸ್ಯರಲ್ಲಿ ಸುಮಾರು ಅರ್ಧದಷ್ಟು ಮಂದಿ ಆಚೆ ದಡದವರು, ಅವರಲ್ಲಿ ಬಹುಪಾಲು ಅರ್ಧ ಎಕರೆ, ಒಂದು ಎಕರೆ ತೋಟದವರು. ಕಾರ್ಯಸೂಚಿಯ ಆರನೆಯ ವಿಷಯ "ಅಡಿಕೆ ಸುಲಿಯುವ ಯಂತ್ರ ಖರೀದಿಸುವ ಬಗ್ಗೆ ಪರ್ಯಾಲೋಚಿಸುವುದು" ಎಂದಿತ್ತು. ಸುಲಿಯುವ ಆಳುಗಳು ಸಿಗದೆ ಎಲ್ಲರೂ ಕಂಗಾಲಾಗಿದ್ದ ಕಾಲವದು. ಯಂತ್ರ ಬೇಡವೆಂದವರು ಆ ಸಭೆಯಲ್ಲಿ ಒಬ್ಬರೂ ಇರಲಿಲ್ಲ. ಇಷ್ಟು ಸುಲಭದ ವಿಷಯ ಕೆಟ್ಟದ್ದು ಹೇಗೆಂಬುದೇ ನೋಡಬೇಕಾದ ಸಂಗತಿ.

ವಿಷಯ ಓದಿದ ಕೂಡಲೇ ಒಬ್ಬರು ಎದ್ದು, ಒಂದು ಯಂತ್ರ ಸಾಲದು, ಎರಡು ಬೇಕು ಎಂದರು. ಇನ್ನೊಬ್ಬರು, ಕೊಳ್ಳುವುದೇಕೆ, ಬಾಡಿಗೆಗೆ ತರಿಸಿದರಾಯಿತಲ್ಲ ಎಂದರು. ಮೂರನೆಯವರು ಯಾವ ಕಂಪನಿಯದು ಒಳ್ಳೆಯದೆಂದು ತಮ್ಮ ಭಾವನ ಮನೆಯ ಯಂತ್ರದ ಕಥೆ ಹೇಳಿದರು. ನಾಲ್ಕನೆಯವರು, ಯಂತ್ರದ ಮಾತು ಆಮೇಲೆ, ಹೋದ ವರ್ಷ ಗೊಬ್ಬರ ತಡವಾಗಿ ಬಂದದ್ದಕ್ಕೆ ಯಾರು ಹೊಣೆ ಎಂದು ಕೇಳಿದರು. ನಿರ್ದೇಶಕರೊಬ್ಬರಿಗೆ ಅದು ಚುಚ್ಚಿತು. ಅವರು ಕಾಲು ಗಂಟೆ ಉತ್ತರ ಕೊಟ್ಟರು. ಅಷ್ಟರಲ್ಲಿ ಯಾರೋ ಮುಂದೆ ಬಂದು ಮೈಕು ಕಿತ್ತುಕೊಂಡರು. ಹಿಂದಿನ ಸಾಲಿನಲ್ಲಿ ಆಚೆ ದಡದ ಒಬ್ಬ ತಾಯಿ ಮೂರು ಸಲ ಕೈ ಎತ್ತಿದರು. ಗಂಡ ತೀರಿಕೊಂಡ ಮೇಲೆ ಇಪ್ಪತ್ತು ಗುಂಟೆ ತೋಟವನ್ನು ತಾವೇ ನೋಡಿಕೊಳ್ಳುತ್ತಿದ್ದವರು. ಅವರ ಕೈ ವೇದಿಕೆಗೆ ಕಾಣಲಿಲ್ಲ. ಮೂರನೆಯ ಸಾಲಿನಲ್ಲಿದ್ದ ನಮಗೆ ಕಂಡಿತ್ತು. ಹಿಂದಿರುಗಿ ನೋಡಿದೆವು, ಮತ್ತೆ ಮುಂದೆ ತಿರುಗಿ ಕುಳಿತೆವು.

ಅಡುಗೆ ಮನೆಯಿಂದ ಸಾರಿನ ಒಗ್ಗರಣೆಯ ವಾಸನೆ ಬಂತು. ಅಧ್ಯಕ್ಷರು, "ಹಾಗಾದರೆ ಎಲ್ಲರದೂ ಒಪ್ಪಿಗೆ ಇದೆಯಲ್ಲ?" ಎಂದರು. ಮುಂದಿನ ಸಾಲುಗಳು ಚಪ್ಪಾಳೆ ತಟ್ಟಿದವು. ಯಾವುದಕ್ಕೆ ಒಪ್ಪಿಗೆ ಎಂದು ಕೇಳಿದವರಿಲ್ಲ. ನಡವಳಿ ಪುಸ್ತಕದಲ್ಲಿ "ಯಂತ್ರ ಖರೀದಿ ಬಗ್ಗೆ ಚರ್ಚಿಸಿ ಸೂಕ್ತ ಕ್ರಮ ಕೈಗೊಳ್ಳಲು ಸರ್ವಾನುಮತದಿಂದ ತೀರ್ಮಾನಿಸಲಾಯಿತು" ಎಂದು ಬರೆದರು.

ಯಂತ್ರ ಬಂತು, ಗೋದಾಮಿನ ಪಕ್ಕದ ಶೆಡ್ಡಿನಲ್ಲಿ ಕೂತಿತು. ಹಸಿ ಅಡಿಕೆ ಕೊಯ್ದ ಮೇಲೆ ಒಂದೆರಡು ದಿನದೊಳಗೆ ಸುಲಿದು ಬೇಯಿಸದಿದ್ದರೆ ಸರಕು ಕೆಡುತ್ತದೆಂಬುದು ನಮಗೆ ಯಾರೂ ಹೇಳಿಕೊಡಬೇಕಾದ ವಿಷಯವಲ್ಲ. ಆಚೆಯವರು ಕಾಲುಸಂಕದ ಮೇಲೆ ಗೊನೆ ಹೊತ್ತು ತರುವಂತಿಲ್ಲ. ಸುತ್ತುಹಾದಿಯಲ್ಲಿ ಗಾಡಿಯಲ್ಲಿ ತಂದರೆ ಬಾಡಿಗೆಯೇ ಸುಲಿಯುವ ಕೂಲಿಯಷ್ಟಾಗುತ್ತದೆ. "ಇಲ್ಲಿಡಲು ನಾವು ಒಪ್ಪಿರಲಿಲ್ಲ" ಎಂದು ಅವರು, "ಅವತ್ತು ಚಪ್ಪಾಳೆ ತಟ್ಟಿದ್ದಿರಲ್ಲ" ಎಂದು ಇವರು. ಕೊನೆಗೆ ತಕರಾರು 1959ರ ಸಹಕಾರ ಸಂಘಗಳ ಕಾಯಿದೆಯ 70ನೆಯ ಕಲಮಿನಂತೆ ಇಲಾಖೆಯ ಮುಂದೆ ಹೋಯಿತು. ಅಲ್ಲಿ ಮೊದಲು ಕೇಳಿದ್ದು ನಡವಳಿ ಪುಸ್ತಕವನ್ನು. ಸೂಚಿಸಿದವರ ಹೆಸರಿಲ್ಲ, ಮೊತ್ತವಿಲ್ಲ, ಸ್ಥಳವಿಲ್ಲ. "ಸೂಕ್ತ ಕ್ರಮ" ಎಂಬ ಎರಡು ಶಬ್ದ ಮಾತ್ರ ಇತ್ತು. ಎರಡು ಕೊಯ್ಲುಗಳ ಕಾಲ ಆ ಯಂತ್ರ ಟಾರ್ಪಾಲಿನ ಕೆಳಗೆ ಮಲಗಿತು, ಸಾಲದ ಬಡ್ಡಿ ಮಾತ್ರ ಎದ್ದು ಓಡಾಡುತ್ತಿತ್ತು.

ಆಮೇಲೆ ಒಂದು ದಿನ ಪೇಟೆಯಲ್ಲಿ ಸಿಕ್ಕ ಆ ತಾಯಿಯನ್ನು, ಅವತ್ತು ಏನು ಹೇಳಬೇಕೆಂದಿದ್ದಿರಿ ಅಮ್ಮಾ ಎಂದು ಕೇಳಿದೆವು. "ಮತ್ತೇನು, ಆಚೆಯವರು ಅಡಿಕೆ ತರೋದು ಹೇಗೆ ಅಂತ ಕೇಳೋಣ ಅಂತಿದ್ದೆ" ಎಂದರು.

ಈ ಕ್ರಮ ಎಲ್ಲಿಂದ ಬಂತು

ಸಭೆ ಕೈಮೀರಿದ್ದು ನಮ್ಮಲ್ಲೇ ಮೊದಲಲ್ಲ. ಅಮೆರಿಕದ ಸೈನ್ಯದಲ್ಲಿ ಹೆನ್ರಿ ರಾಬರ್ಟ್ ಎಂಬ ಇಂಜಿನಿಯರ್ ಇದ್ದರು. 1863ರಲ್ಲಿ ನ್ಯೂ ಬೆಡ್‌ಫರ್ಡ್ ಎಂಬ ಊರಿನಲ್ಲಿ ಒಂದು ಸಭೆಗೆ ಅವರನ್ನು ಅಧ್ಯಕ್ಷರನ್ನಾಗಿ ಕೂರಿಸಿದರು. ಸಭೆ ನಡೆಸುವುದು ಅವರಿಗೆ ಗೊತ್ತಿರಲಿಲ್ಲ. ಸಭೆ ಗೊಂದಲದಲ್ಲಿ ಮುಳುಗಿತು. ನಾಚಿಕೆಯಾದ ಅವರು, ಸಭಾ ನಿಯಮಗಳನ್ನು ತಿಳಿಯದೆ ಇನ್ನೊಂದು ಸಭೆಗೆ ಕಾಲಿಡುವುದಿಲ್ಲವೆಂದು ನಿಶ್ಚಯಿಸಿಕೊಂಡರಂತೆ. ಶಾಸನಸಭೆಗಳಲ್ಲಿ ಬಳಕೆಯಲ್ಲಿದ್ದ ಪದ್ಧತಿಗಳನ್ನು ಅಭ್ಯಾಸ ಮಾಡಿ, ಸಾಮಾನ್ಯ ಸಂಘಸಂಸ್ಥೆಗಳಿಗೆ ಒಗ್ಗುವಂತೆ 1876ರಲ್ಲಿ ಪುಸ್ತಕ ಬರೆದರು. ಆ ಪುಸ್ತಕ ಇಂದಿಗೂ ಪರಿಷ್ಕರಣಗೊಂಡು ಅಚ್ಚಾಗುತ್ತಿದೆ. ಹನ್ನೆರಡನೆಯ ಆವೃತ್ತಿ 2020ರಲ್ಲಿ ಬಂತು. ಸೇತುವೆ, ಬಂದರು ಕಟ್ಟುವ ಇಂಜಿನಿಯರು ಸಭೆಗೂ ಒಂದು ಕಟ್ಟು ಹಾಕಿಕೊಟ್ಟರೆನ್ನಬಹುದು.

ನಮ್ಮ ಸಂಘಗಳನ್ನು ಆ ಪುಸ್ತಕ ಆಳುವುದಿಲ್ಲ. ನಮ್ಮನ್ನು ಆಳುವುದು 1959ರ ಕಾಯಿದೆ, ಅದರ ನಿಯಮಗಳು ಮತ್ತು ನಮ್ಮ ನಮ್ಮ ಸಂಘದ ಬೈಲಾ. ಅವು ಹೇಳಿದ್ದಕ್ಕೆ ವಿರುದ್ಧವಾಗಿ ಯಾವ ಪುಸ್ತಕದ ನಿಯಮವೂ ನಡೆಯದು. ಆದರೆ ಬೈಲಾದಲ್ಲಿ ಸಭೆ ಕರೆಯುವುದು ಹೇಗೆ, ಕೋರಂ ಎಷ್ಟು ಎಂದಿರುತ್ತದೆಯೇ ಹೊರತು, ಐದು ಜನ ಒಟ್ಟಿಗೆ ಎದ್ದು ನಿಂತಾಗ ಏನು ಮಾಡಬೇಕೆಂದು ಸಾಮಾನ್ಯವಾಗಿ ಇರುವುದಿಲ್ಲ. ಆ ಜಾಗದಲ್ಲಿ ಈ ಪದ್ಧತಿಗಳು ಒದಗುತ್ತವೆ.

ಇನ್ನೊಂದು ಮಾತು. 1881ರಲ್ಲಿ ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ ಮೈಸೂರು ಸಂಸ್ಥಾನದಲ್ಲಿ ಪ್ರಜಾಪ್ರತಿನಿಧಿ ಸಭೆ ಆರಂಭವಾಯಿತು. ದಸರೆಯ ಹೊತ್ತಿಗೆ ಜಿಲ್ಲೆಗಳಿಂದ ಹೋದ ಜಮೀನುದಾರರು, ವರ್ತಕರು ಸರ್ಕಾರದ ಮುಂದೆ ತಮ್ಮ ಅಹವಾಲು ಹೇಳಿಕೊಳ್ಳಬಹುದಿತ್ತು. ತೀರ್ಮಾನಿಸುವ ಅಧಿಕಾರ ಆಗ ಅವರಿಗಿರಲಿಲ್ಲ. ನಮ್ಮ ಎಷ್ಟೋ ಸದಸ್ಯರು ಇಂದಿಗೂ ಸಂಘದ ಮಹಾಸಭೆಯನ್ನು ಇಂಥದೇ ಒಂದು ಅಹವಾಲು ಸಭೆಯೆಂದು ತಿಳಿದಿದ್ದಾರೆ: ವೇದಿಕೆಯ ಮೇಲೆ ಕೊಡುವವರು, ಕೆಳಗೆ ಬೇಡುವವರು. ಸಹಕಾರ ಸಂಘದಲ್ಲಿ ಪರಮಾಧಿಕಾರ ಸರ್ವಸದಸ್ಯರ ಸಭೆಯದು. ಇಂಗ್ಲೆಂಡಿನ ರಾಕ್‌ಡೇಲ್‌ನಲ್ಲಿ 1844ರಲ್ಲಿ 28 ಮಂದಿ ಸೇರಿ ಅಂಗಡಿ ತೆರೆದಾಗಲೂ, ನಮ್ಮ ಗದಗದ ಬಳಿಯ ಕಣಗಿನಹಾಳದಲ್ಲಿ 1905ರಲ್ಲಿ ಸಂಘ ಹುಟ್ಟಿದಾಗಲೂ ಸಹಕಾರ ತತ್ವದ ಬುಡ ಇದೇ: ಒಬ್ಬರಿಗೆ ಒಂದು ಮತ. ನೂರು ಎಕರೆ ಕಾಫಿಯವರಿಗೂ ಒಂದೇ, ಇಪ್ಪತ್ತು ಗುಂಟೆ ಅಡಿಕೆಯವರಿಗೂ ಒಂದೇ. ಷೇರು ಎಷ್ಟಿದ್ದರೂ ಮತ ಹೆಚ್ಚುವುದಿಲ್ಲ. ಆದರೆ ಮತ ಒಂದೇ ಆದರೂ ಕಂಠ ಎಲ್ಲರದೂ ಒಂದೇ ಅಲ್ಲ. ಕ್ರಮವಿಲ್ಲದ ಸಭೆಯಲ್ಲಿ ದೊಡ್ಡ ಗಂಟಲಿನವರು ಮತವೇ ಇಲ್ಲದೆ ಗೆಲ್ಲುತ್ತಾರೆ.

ಒಂದು ಸಲಕ್ಕೆ ಒಂದೇ ಗೊತ್ತುವಳಿ

ಮೇಲೆ ಹೇಳಿದ ಯಂತ್ರದ ವಿಷಯವನ್ನೇ ಮತ್ತೆ ಎತ್ತಿಕೊಳ್ಳೋಣ. ಅದೇ ಸಭೆ, ಅದೇ ಜನ. ಕ್ರಮ ಮಾತ್ರ ಬೇರೆ ಎಂದು ಭಾವಿಸಿಕೊಳ್ಳಿ.

ಮೊದಲು ಮಾಡಬೇಕಾದದ್ದು, "ಬಗ್ಗೆ ಪರ್ಯಾಲೋಚಿಸುವುದು" ಎಂಬ ಜಾರುವ ಮಾತನ್ನು ಬಿಟ್ಟು ಗೊತ್ತುವಳಿಯನ್ನು ಗಟ್ಟಿಯಾದ ವಾಕ್ಯದಲ್ಲಿ ಬರೆಯುವುದು. "ಸಂಘವು ಈ ಸಾಲಿನಲ್ಲಿ ಒಂದು ಅಡಿಕೆ ಸುಲಿಯುವ ಯಂತ್ರವನ್ನು ಖರೀದಿಸಿ ಗೋದಾಮಿನ ಪಕ್ಕದ ಶೆಡ್ಡಿನಲ್ಲಿ ಸ್ಥಾಪಿಸತಕ್ಕದ್ದು, ವೆಚ್ಚ ಇಂತಿಷ್ಟು ಮೊತ್ತಕ್ಕೆ ಮೀರತಕ್ಕದ್ದಲ್ಲ." ಇದನ್ನು ಒಬ್ಬರು ಸೂಚಿಸಬೇಕು, ಇನ್ನೊಬ್ಬರು ಅನುಮೋದಿಸಬೇಕು. ಅನುಮೋದಿಸಿದವರು ಅದನ್ನು ಒಪ್ಪಲೇಬೇಕೆಂದಿಲ್ಲ. ವಿಷಯ ಚರ್ಚೆಗೆ ಅರ್ಹ ಎಂದಷ್ಟೇ ಅದರ ಅರ್ಥ. ಅನುಮೋದಕರೇ ಸಿಗದಿದ್ದರೆ ಒಬ್ಬರ ಹವ್ಯಾಸಕ್ಕಾಗಿ ಇನ್ನೂರು ಜನ ಕಾಯಬೇಕಾಗಿಲ್ಲ, ಅಲ್ಲಿಗೇ ಬಿಟ್ಟು ಮುಂದಿನ ವಿಷಯಕ್ಕೆ ಹೋಗಬಹುದು. ಅನುಮೋದನೆಯಾದ ಮೇಲೆ ಅಧ್ಯಕ್ಷರು ಆ ವಾಕ್ಯವನ್ನು ಇಡೀ ಸಭೆಗೆ ಕೇಳುವಂತೆ ಓದಬೇಕು. ಶಾಲೆಯ ಕಟ್ಟಡದಲ್ಲಿ ಸಭೆಯಾದರೆ ಕರಿಹಲಗೆ ಇದ್ದೇ ಇರುತ್ತದೆ. ಅದರ ಮೇಲೆ ಬರೆಸಿಬಿಟ್ಟರೆ ಅರ್ಧ ಜಗಳ ಅಲ್ಲಿಗೇ ಮುಗಿಯಿತು.

ಇದಾದ ಮೇಲೆ ಸಭೆಯ ಮುಂದೆ ಇರುವುದು ಆ ವಾಕ್ಯ ಒಂದೇ. ಗೊಬ್ಬರದ ಮಾತೆತ್ತಿದವರಿಗೆ ಅಧ್ಯಕ್ಷರು, "ನಿಮ್ಮ ಪ್ರಶ್ನೆ ಸರಿಯೇ, ವರದಿಯ ಮೇಲಿನ ಚರ್ಚೆಯಲ್ಲಿ ಅದಕ್ಕೆ ಅವಕಾಶವಿದೆ, ಈಗ ಯಂತ್ರ" ಎಂದು ಸಮಾಧಾನದಿಂದಲೇ ಹೇಳಬಹುದು. ಹಾಗೆ ಹೇಳಿ ಆಮೇಲೆ ನಿಜವಾಗಿ ಅವಕಾಶ ಕೊಡಬೇಕು. ಕೊಡದಿದ್ದರೆ ಮುಂದಿನ ಸಲ ಅವರ ಮಾತನ್ನು ಯಾರೂ ಕೇಳುವುದಿಲ್ಲ.

ತಿದ್ದುಪಡಿ ಎಂಬುದು

ನಮ್ಮ ಸಭೆಗಳಲ್ಲಿ ಹೆಚ್ಚು ಎಡವಟ್ಟಾಗುವ ಜಾಗ ಇದು. ಎರಡು ಯಂತ್ರ ಬೇಕೆಂದವರು, ಬಾಡಿಗೆ ಸಾಕೆಂದವರು, ಯಂತ್ರ ಬೇರೆಡೆ ಇರಲಿ ಎನ್ನುವವರು, ಇವರೆಲ್ಲ ಬೇರೆ ಬೇರೆ ಮಾತಾಡುತ್ತಿರುವಂತೆ ಕಂಡರೂ ಮಾಡಹೊರಟದ್ದು ಒಂದೇ ಕೆಲಸ: ಮೂಲ ವಾಕ್ಯಕ್ಕೆ ತಿದ್ದುಪಡಿ. ತಿದ್ದುಪಡಿಗೂ ಸೂಚಕರು, ಅನುಮೋದಕರು ಬೇಕು. ಅದು ಮೂಲ ವಿಷಯಕ್ಕೆ ಸಂಬಂಧಪಟ್ಟಿರಬೇಕು. ಒಂದು ತಿದ್ದುಪಡಿ ಇತ್ಯರ್ಥವಾದ ಮೇಲೆ ಇನ್ನೊಂದು. ತಿದ್ದುಪಡಿಗೆ ಒಂದು ಉಪತಿದ್ದುಪಡಿಯವರೆಗೆ ಅವಕಾಶವುಂಟು, ಅದರಾಚೆಗಿಲ್ಲ; ಅದಕ್ಕೂ ಮುಂದೆ ಹೋದರೆ ಅಧ್ಯಕ್ಷರಿಗೇ ಜಾಡು ತಪ್ಪುತ್ತದೆ.

ಆ ತಾಯಿಗೆ ಮಾತು ಸಿಕ್ಕಿದ್ದರೆ, ಅವರ ಪ್ರಶ್ನೆಯಿಂದ ಹುಟ್ಟಬಹುದಾಗಿದ್ದ ತಿದ್ದುಪಡಿ ಹೀಗಿರುತ್ತಿತ್ತು: "'ಗೋದಾಮಿನ ಪಕ್ಕದ ಶೆಡ್ಡಿನಲ್ಲಿ ಸ್ಥಾಪಿಸತಕ್ಕದ್ದು' ಎಂಬುದರ ಬದಲು 'ಗಾಡಿಯ ಮೇಲೆ ಕೂರಿಸಿ ಹೊಳೆಯ ಎರಡೂ ಕಡೆಗೆ ಪಾಳಿಯ ಪ್ರಕಾರ ಕಳುಹಿಸತಕ್ಕದ್ದು' ಎಂದಾಗಬೇಕು." ಅಧ್ಯಕ್ಷರು ಮೊದಲು ಈ ತಿದ್ದುಪಡಿಯನ್ನು ಚರ್ಚೆಗೆ, ಆಮೇಲೆ ಮತಕ್ಕೆ ಹಾಕುತ್ತಾರೆ. ಸಭೆಯಲ್ಲಿ 112 ಮಂದಿ ಇದ್ದು, 61 ಮಂದಿ ಪರ, 44 ಮಂದಿ ವಿರೋಧ, 7 ಮಂದಿ ತಟಸ್ಥ ಎಂದಿಟ್ಟುಕೊಳ್ಳಿ. ತಿದ್ದುಪಡಿ ಅಂಗೀಕಾರವಾಯಿತು. ಇಲ್ಲಿಗೆ ಯಂತ್ರ ಕೊಳ್ಳುವುದು ತೀರ್ಮಾನವಾಯಿತೆಂದು ಬಹಳ ಜನ ತಿಳಿಯುತ್ತಾರೆ. ಇಲ್ಲ. ಗೊತ್ತುವಳಿಯ ಮಾತು ಬದಲಾಯಿತು ಅಷ್ಟೆ. ಈಗ ತಿದ್ದಿದ ಗೊತ್ತುವಳಿಯನ್ನು ಮತ್ತೊಮ್ಮೆ ಓದಿ ಇನ್ನೊಂದು ಸಲ ಮತಕ್ಕೆ ಹಾಕಬೇಕು. ಗೋದಾಮಿನ ಬಳಿಯೇ ಇರಲೆಂದು ತಿದ್ದುಪಡಿಯನ್ನು ವಿರೋಧಿಸಿದವರು, ಹೇಗಾದರೂ ಯಂತ್ರ ಬರಲಿ ಎಂದು ಈ ಎರಡನೆಯ ಮತದಲ್ಲಿ ಪರವಾಗಿ ಕೈ ಎತ್ತಬಹುದು, ಅದರಲ್ಲಿ ವಿರೋಧಾಭಾಸವಿಲ್ಲ. ಗಾಡಿಯ ಖರ್ಚು ಹೆಚ್ಚಾಯಿತೆಂದು ಯಂತ್ರವೇ ಬೇಡ ಎನ್ನುವ ಹಕ್ಕೂ ಅವರಿಗಿದೆ.

ಬಿಡುವಿಲ್ಲದವರು ಕೇಳಬಹುದು, ಒಂದು ಯಂತ್ರಕ್ಕೆ ಇಷ್ಟೆಲ್ಲ ವಿಧಿಯೇ ಎಂದು. ಇಷ್ಟೂ ಮುಗಿಯಲು ಅರ್ಧ ಗಂಟೆ ಸಾಕು. ಆ ಸಂಘದವರು ಇಲಾಖೆಯ ಕಚೇರಿಗೆ ಅಲೆದದ್ದು ಎರಡು ವರ್ಷ.

ಮೈಕು ಯಾರ ಕೈಯಲ್ಲಿ

ಸಭೆಯಲ್ಲಿ ಮೈಕು ಹಿಡಿದವರದೇ ರಾಜ್ಯ. ಆದ್ದರಿಂದ ಮೈಕನ್ನು ಸದಸ್ಯರ ಕೈಗೆ ಬಿಡದೆ, ಸಿಬ್ಬಂದಿಯಲ್ಲೊಬ್ಬರು ಅಧ್ಯಕ್ಷರು ಹೆಸರು ಕರೆದವರ ಬಳಿಗೆ ಒಯ್ದು ಹಿಡಿಯುವುದು ಒಳ್ಳೆಯದು. ಮಾತಾಡುವವರು ಅಧ್ಯಕ್ಷರನ್ನು ಉದ್ದೇಶಿಸಿಯೇ ಮಾತಾಡಬೇಕೆಂಬುದು ಶಾಸನಸಭೆಗಳ ಹಳೆಯ ಪದ್ಧತಿ. ಇದರ ಗುಟ್ಟು ಸರಳವಾದದ್ದು. "ನೀನು ಹೋದ ವರ್ಷ ಏನು ಮಾಡಿದೆ ಗೊತ್ತಿಲ್ಲವೇನೋ?" ಎಂದು ಎದುರಿನವರ ಮೇಲೆ ಹರಿಹಾಯುವುದು ಸುಲಭ; "ಅಧ್ಯಕ್ಷರೇ, ಹಿಂದಿನ ಸದಸ್ಯರು ಹೇಳಿದ್ದು ಸರಿಯಲ್ಲ" ಎಂದು ಸುತ್ತಿ ಹೇಳುವಷ್ಟರಲ್ಲಿ ಸಿಟ್ಟು ಅರ್ಧ ಇಳಿದಿರುತ್ತದೆ. ದಾಯಾದಿ ಜಗಳ, ಬೇಲಿ ಜಗಳ ಸಭೆಯೊಳಕ್ಕೆ ಬರದಂತೆ ಇದೊಂದು ತಡೆಗೋಡೆ.

ರಾಬರ್ಟ್ ಅವರ ನಿಯಮದಲ್ಲಿ ಒಂದು ಗೊತ್ತುವಳಿಯ ಮೇಲೆ ಒಬ್ಬರಿಗೆ ದಿನಕ್ಕೆ ಎರಡೇ ಸಲ, ಸಲಕ್ಕೆ ಹತ್ತು ನಿಮಿಷ ಮಾತು. ನಮ್ಮ ಮಹಾಸಭೆಗೆ ಹತ್ತು ನಿಮಿಷ ದೀರ್ಘವಾಯಿತು, ಮೂರು ನಿಮಿಷ ಸಾಕೆಂದು ನಮ್ಮ ಅಭಿಪ್ರಾಯ. ಇದನ್ನು ಸಭೆಯ ಆರಂಭದಲ್ಲೇ ಸಭೆಯ ಒಪ್ಪಿಗೆಯಿಂದ ಗೊತ್ತುಮಾಡಿಕೊಳ್ಳಬೇಕು. ಆದರೆ ಅದಕ್ಕಿಂತ ಮುಖ್ಯವಾದದ್ದು ಅದೇ ನಿಯಮದ ಇನ್ನೊಂದು ಅಂಶ: ಇನ್ನೂ ಮಾತಾಡದವರೊಬ್ಬರು ಮಾತು ಕೇಳುತ್ತಿರುವಾಗ, ಒಮ್ಮೆ ಮಾತಾಡಿದವರಿಗೆ ಎರಡನೆಯ ಸಲ ಅವಕಾಶವಿಲ್ಲ. ಇಷ್ಟೊಂದನ್ನು ನಮ್ಮ ಸಂಘಗಳು ಪಾಲಿಸಿದರೆ ಹಿಂದಿನ ಸಾಲಿನ ಕೈಗಳು ತಾವಾಗಿ ಕಾಣತೊಡಗುತ್ತವೆ. ಪರವಾಗಿ ಒಬ್ಬರು, ವಿರೋಧವಾಗಿ ಒಬ್ಬರು ಎಂದು ಸರದಿ ಕೊಟ್ಟರೆ ಇನ್ನೂ ಉತ್ತಮ. ಮಹಿಳಾ ಸದಸ್ಯರು ಹಿಂದೆಯೇ ಕೂರುವ ರೂಢಿ ನಮ್ಮಲ್ಲಿ ಇನ್ನೂ ಹೋಗಿಲ್ಲವಾದ್ದರಿಂದ ಅಧ್ಯಕ್ಷರು ಕಣ್ಣನ್ನು ಹಿಂದಿನ ಸಾಲಿನಿಂದಲೇ ಹಾಯಿಸಲು ಶುರುಮಾಡುವುದು ಲೇಸು.

ಇನ್ನು ಅಧ್ಯಕ್ಷರ ವಿಷಯ. ಪೀಠದಲ್ಲಿ ಕೂತವರು ವಾದದಲ್ಲಿ ಇಳಿಯಬಾರದು. ಯಾವುದಾದರೂ ವಿಷಯದಲ್ಲಿ ತಾವೇ ಗಟ್ಟಿಯಾಗಿ ಮಾತಾಡಬೇಕೆನಿಸಿದರೆ ಪೀಠವನ್ನು ಉಪಾಧ್ಯಕ್ಷರಿಗೆ ಬಿಟ್ಟು ಕೆಳಗೆ ಬಂದು ಮಾತಾಡಬೇಕು. ನಿರ್ದೇಶಕರ ಸ್ವಂತ ಜಾಗ, ಅವರ ನೆಂಟರ ಗುತ್ತಿಗೆ ಇತ್ಯಾದಿ ಬಂದಾಗ ಅವರು ಅದನ್ನು ಮೊದಲೇ ತಿಳಿಸಿ ಮತದಿಂದ ದೂರ ಉಳಿಯುವುದು ಮರ್ಯಾದೆ. ಮತಗಳು ಸಮವಾದಾಗಿನ ನಿರ್ಣಾಯಕ ಮತದ ವಿಚಾರವನ್ನು ಬೈಲಾದಲ್ಲಿ ನೋಡಿಕೊಳ್ಳಬೇಕು. ನಮ್ಮ ಸಂವಿಧಾನವೂ 100 ಮತ್ತು 189ನೆಯ ವಿಧಿಗಳಲ್ಲಿ ಸಂಸತ್ತಿನ, ವಿಧಾನಮಂಡಲದ ಸಭಾಧ್ಯಕ್ಷರಿಗೆ ಮೊದಲ ಮತವನ್ನು ಕೊಡದೆ, ಸಮ ಬಂದಾಗ ಮಾತ್ರ ಮತ ಕೊಟ್ಟಿದೆ.

ಸರ್ವಾನುಮತದ ಮೋಹ

ನಮ್ಮ ಹಳ್ಳಿಗಳಲ್ಲಿ ಮತಕ್ಕೆ ಹಾಕುವುದೆಂದರೆ ಊರು ಒಡೆಯುವುದೆಂಬ ಭಾವನೆ ಇದೆ. ನಾಳೆ ಮದುವೆಗೆ ಕರೆಯಲು ಅವರ ಮನೆಗೇ ಹೋಗಬೇಕು, ಕಂಬಳಿ ಹಾಸಿ ಕೂರಿಸುವ ಜನರ ವಿರುದ್ಧ ಕೈ ಎತ್ತುವುದು ಹೇಗೆ ಎಂಬ ಸಂಕೋಚ. ಈ ಸಂಕೋಚವನ್ನು ನಾವು ಹಗುರವಾಗಿ ಕಾಣುವುದಿಲ್ಲ. ಊರಿನ ಬಾಳು ನಡೆದಿರುವುದು ಅದರ ಮೇಲೆಯೇ. ಆದರೆ ಚಪ್ಪಾಳೆಯಿಂದ ಬಂದ ಸರ್ವಾನುಮತ, ಒಪ್ಪದವರನ್ನು ಒಪ್ಪಿಸುವುದಿಲ್ಲ. ಬಾಯಿ ಮುಚ್ಚಿಸುತ್ತದೆ ಅಷ್ಟೆ. ಅವರು ಸಭೆಯಲ್ಲಿ ಹೇಳದ್ದನ್ನು ಚಹಾದಂಗಡಿಯಲ್ಲಿ ಹೇಳುತ್ತಾರೆ, ಠೇವಣಿ ಹಿಂದೆ ತೆಗೆಯುತ್ತಾರೆ, ಅಡಿಕೆಯನ್ನು ಸಂಘಕ್ಕೆ ಹಾಕದೆ ಹೊರಗಿನ ವ್ಯಾಪಾರಿಗೆ ಕೊಡುತ್ತಾರೆ.

ಹಿಂದಿನ ನಡವಳಿ ದೃಢೀಕರಣ, ಸಂತಾಪ ಸೂಚನೆ ಮುಂತಾದ ತಕರಾರಿಲ್ಲದ ವಿಷಯಗಳಿಗೆ "ಯಾರದಾದರೂ ಆಕ್ಷೇಪಣೆ ಇದೆಯೇ?" ಎಂದು ಕೇಳಿ, ಸ್ವಲ್ಪ ಕಾದು, ಇಲ್ಲದಿದ್ದರೆ ಅಂಗೀಕಾರವೆಂದು ಸಾರಬಹುದು. ಕಾಯುವುದು ಮುಖ್ಯ, ಪ್ರಶ್ನೆಯ ಬಾಲ ಹಿಡಿದೇ "ಇಲ್ಲ, ಅಂಗೀಕಾರವಾಗಿದೆ" ಎಂದರೆ ಅದು ಕೇಳಿದಂತಲ್ಲ. ಹಣ, ಜಾಗ, ಸಾಲ, ದರ ಇವು ಬಂದಾಗ ಕೈ ಎತ್ತಿಸಿ ಎಣಿಸಲೇಬೇಕು. ಪರವಾಗಿರುವವರನ್ನು ಕೇಳಿದ ಮೇಲೆ ವಿರೋಧವಾಗಿರುವವರನ್ನೂ ಕೇಳಬೇಕು. ನಮ್ಮಲ್ಲಿ ಎಷ್ಟೋ ಸಲ ಈ ಎರಡನೆಯ ಪ್ರಶ್ನೆಯನ್ನೇ ಕೇಳುವುದಿಲ್ಲ. ವ್ಯಕ್ತಿಗಳಿಗೆ ಸಂಬಂಧಿಸಿದ ವಿಷಯವಾದರೆ ಚೀಟಿಯ ಮೂಲಕ ಗುಪ್ತ ಮತ ಪಡೆಯುವುದು ಸಂಕೋಚ ಕಳೆಯುವ ದಾರಿ.

"ಇತರೆ ವಿಷಯಗಳು, ಅಧ್ಯಕ್ಷರ ಅಪ್ಪಣೆಯ ಮೇರೆಗೆ"

ಪ್ರತಿ ಕಾರ್ಯಸೂಚಿಯ ಕೊನೆಯಲ್ಲಿ ಈ ಸಾಲು ಇರುತ್ತದೆ. ಸಣ್ಣಪುಟ್ಟ ಸಲಹೆಗೆ, ಒಬ್ಬರನ್ನು ಅಭಿನಂದಿಸುವುದಕ್ಕೆ ಅದು ಸರಿ. ಆದರೆ ಊಟದ ಹೊತ್ತಿಗೆ ಮುಕ್ಕಾಲು ಸಭೆ ಎದ್ದು ಹೋದ ಮೇಲೆ, ಈ ಬಾಗಿಲಿನಿಂದ ಜಾಗ ಖರೀದಿ, ಕಟ್ಟಡದ ಅಂದಾಜು ಒಳಗೆ ಬರುವುದನ್ನು ನಾವು ಕಂಡಿದ್ದೇವೆ. ತಿಳುವಳಿಕೆ ಪತ್ರದಲ್ಲಿ ಕಾಣದ ಹಣದ ವಿಷಯ ಈ ಸಾಲಿನಡಿ ತೀರ್ಮಾನವಾಗಕೂಡದು. ತೋಟದಲ್ಲಿ ಕೆಲಸವಿದೆಯೆಂದು ಬಾರದೆ ಉಳಿದ ಸದಸ್ಯ, ಪತ್ರದಲ್ಲಿ ಆ ವಿಷಯ ಕಂಡಿದ್ದರೆ ಕೆಲಸ ಬಿಟ್ಟು ಬರುತ್ತಿದ್ದನೋ ಏನೋ. ಅವನಿಗೆ ಆ ಅವಕಾಶ ಇರಬೇಕು.

ಇದಕ್ಕೆ ಅಂಟಿಕೊಂಡದ್ದೇ ಕೋರಂ. ಬೆಳಿಗ್ಗೆ ಹಾಜರಿ ಪುಸ್ತಕದಲ್ಲಿ ಇರುವ ಸಹಿಗಳು ಮಧ್ಯಾಹ್ನ ಕುರ್ಚಿಯ ಮೇಲೆ ಇರುವುದಿಲ್ಲ. ಸಹಿ ಹಾಕಿ, ಊಟದ ಚೀಟಿ ಪಡೆದು, ಪೇಟೆಯ ಕೆಲಸ ಮುಗಿಸಿ ಪಂಕ್ತಿಯ ಹೊತ್ತಿಗೆ ಸರಿಯಾಗಿ ಬರುವ ಮಿತ್ರರು ನಮಗೆಲ್ಲ ಪರಿಚಿತರು. ಯಾವ ಸದಸ್ಯರಾದರೂ ಎದ್ದು ಕೋರಂ ಇಲ್ಲವೆಂದರೆ ಅಧ್ಯಕ್ಷರು ತಲೆ ಎಣಿಸಬೇಕು. ಸಂಸತ್ತಿನಲ್ಲಿಯೂ ಹತ್ತರಲ್ಲೊಂದು ಪಾಲು ಸದಸ್ಯರಿಲ್ಲದಿದ್ದರೆ ಸಭೆಯನ್ನು ನಿಲ್ಲಿಸಬೇಕೆಂದಿದೆ. ನಮ್ಮ ಕೋರಂ ಎಷ್ಟು, ಕೋರಂ ಇಲ್ಲದೆ ಮುಂದಕ್ಕೆ ಹೋದ ಸಭೆಯ ನಿಯಮವೇನು ಎಂಬುದು ಬೈಲಾದಲ್ಲಿದೆ. ಭಾರವಾದ ವಿಷಯಗಳನ್ನು ಊಟಕ್ಕೆ ಮುಂಚೆಯೇ ಇಟ್ಟುಕೊಳ್ಳುವುದು ಬುದ್ಧಿವಂತಿಕೆ.

ಕ್ರಿಯಾಲೋಪದ ಬಗ್ಗೆ ಒಂದೆರಡು ಮಾತು. ಸಭೆಯ ನಿಯಮ ಮುರಿಯುತ್ತಿದೆ ಎನಿಸಿದಾಗ ಯಾವ ಸದಸ್ಯರಾದರೂ ಎದ್ದು ಅದನ್ನು ತೋರಿಸಬಹುದು. ಅಧ್ಯಕ್ಷರು ಆ ಕೂಡಲೇ ಸರಿ ಅಥವಾ ತಪ್ಪು ಎಂದು ಹೇಳಬೇಕು. ಆದರೆ ಎದುರಿನವರ ಮಾತು ಹಿಡಿಸಲಿಲ್ಲವೆಂದು "ಕ್ರಿಯಾಲೋಪ, ಕ್ರಿಯಾಲೋಪ" ಎಂದು ಕೂಗಿ ಭಾಷಣಕ್ಕಿಳಿಯುವುದು ಕ್ರಿಯಾಲೋಪವಲ್ಲ. ಹಾಗೆಯೇ "ಮುಂದೆ ನೋಡೋಣ" ಎಂಬ ತೀರ್ಮಾನ. ಮುಂದೂಡುವುದಾದರೆ ಯಾವ ತಾರೀಖಿಗೆ ಎಂದು ಹೇಳಬೇಕು. ಮಾಹಿತಿ ಸಾಲದಿದ್ದರೆ ಮೂವರ ಸಮಿತಿ ಮಾಡಿ, ಅದರಲ್ಲಿ ಒಬ್ಬರಾದರೂ ತಕರಾರು ಎತ್ತಿದವರಿರುವಂತೆ ನೋಡಿಕೊಂಡು, ವರದಿಗೆ ದಿನ ಗೊತ್ತುಮಾಡಬೇಕು.

ನಡವಳಿ ಪುಸ್ತಕ

ನಡವಳಿಯಲ್ಲಿ ಭಾಷಣಗಳನ್ನು ಬರೆಯಬೇಕಾಗಿಲ್ಲ. ಯಾರು ಎಷ್ಟು ಚೆನ್ನಾಗಿ ಮಾತಾಡಿದರೆಂಬುದು ಅಲ್ಲಿಗೆ ಬೇಡ. ಗೊತ್ತುವಳಿಯ ಪೂರ್ತಿ ವಾಕ್ಯ, ಸೂಚಕರ ಮತ್ತು ಅನುಮೋದಕರ ಹೆಸರು, ಬಂದ ತಿದ್ದುಪಡಿಗಳು ಮತ್ತು ಅವುಗಳ ಗತಿ, ಪರ ಎಷ್ಟು, ವಿರೋಧ ಎಷ್ಟು, ಫಲಿತಾಂಶವೇನು, ಇಷ್ಟಿದ್ದರೆ ಸಾಕು. ಅಧ್ಯಕ್ಷರು ಫಲಿತಾಂಶ ಸಾರಿದ ಕೂಡಲೇ ಕಾರ್ಯದರ್ಶಿಗಳು ಆ ನಾಲ್ಕು ಸಾಲುಗಳನ್ನು ಅಲ್ಲೇ ಬರೆದು ಸಭೆಗೆ ಓದಿ ಹೇಳಿದರೆ, ಮನೆಗೆ ಹೋದ ಮೇಲೆ "ಹಾಗಲ್ಲ, ಹೀಗೆ" ಎನ್ನುವ ಪ್ರಸಂಗ ಬರುವುದಿಲ್ಲ. ಸಭೆ ಮುಗಿದು ಒಂದು ತಿಂಗಳ ನಂತರ ನೆನಪಿನಿಂದ ಬರೆದ ನಡವಳಿ, ಮಳೆಯಲ್ಲಿ ಒಣಗಿಸಿದ ಅಡಿಕೆಯ ಹಾಗೆ. ಹೊರಗೆ ಬಣ್ಣವಿದ್ದರೂ ಒಳಗೆ ಬೂಸ್ಟು. ಮುಂದಿನ ಸಭೆಯಲ್ಲಿ ಹಿಂದಿನ ನಡವಳಿ ಓದುವಾಗ ಚಹಾ ಕುಡಿಯುತ್ತ ಕೂರಬಾರದು. ತಪ್ಪಿದ್ದರೆ ತಿದ್ದಿಸುವ ಗಳಿಗೆ ಅದೇ.

ಆ ಯಂತ್ರದ ಸಂಘದಲ್ಲಿ ಮುಂದೇನಾಯಿತೆಂದು ಕೆಲವರು ಕೇಳಬಹುದು. ಮೂರನೆಯ ವರ್ಷ ಬೇರೊಬ್ಬರು ಅಧ್ಯಕ್ಷರಾದರು. ಮಹಾಸಭೆಯಲ್ಲಿ ಗೊತ್ತುವಳಿಯನ್ನು ಕರಿಹಲಗೆಯ ಮೇಲೆ ಬರೆಸಿ, ಎಣಿಸಿ ಮತ ಪಡೆದರು. ಯಂತ್ರವನ್ನು ಗಾಡಿಯ ಮೇಲೆ ಕೂರಿಸುವುದು ಖರ್ಚಿನ ಕಾರಣಕ್ಕೆ ಬಿದ್ದುಹೋಯಿತು. ವಾರದಲ್ಲಿ ಎರಡು ದಿನ ಆಚೆ ದಡದ ಅಡಿಕೆಯನ್ನು ಸಂಘದ ಖರ್ಚಿನಲ್ಲಿ ತರಿಸಬೇಕೆಂಬುದು ಅಲ್ಪ ಅಂತರದಲ್ಲಿ ಗೆದ್ದಿತು. ಗಾಡಿಯ ಪರವಾಗಿ ಮೊದಲು ಎದ್ದು ಮಾತಾಡಿದ್ದ ಆ ತಾಯಿ ತಮ್ಮ ಸೂಚನೆ ಸೋತದ್ದಕ್ಕೆ ಬೇಸರಪಟ್ಟರೆಂದು ಕೇಳಿದೆವು. ಮರುವಾರ ಅವರ ತೋಟದ ಗೊನೆಗಳು ಸಂಘದ ಗಾಡಿಯಲ್ಲೇ ಬಂದವು.

ನಮ್ಮ ಸಂಘದ ಮಹಾಸಭೆಯ ತಿಳುವಳಿಕೆ ಪತ್ರ ಸದ್ಯದಲ್ಲೇ ಸದಸ್ಯರ ಕೈ ಸೇರಲಿದೆ. ಗೊತ್ತುವಳಿ ತರಬೇಕೆಂದಿರುವವರು ಪತ್ರದಲ್ಲಿ ಸೂಚಿಸುವ ದಿನದೊಳಗೆ ಅದನ್ನು ಬರಹದಲ್ಲಿ, ಸೂಚಕರ ಮತ್ತು ಅನುಮೋದಕರ ಸಹಿಯೊಂದಿಗೆ ಕಚೇರಿಗೆ ತಲುಪಿಸತಕ್ಕದ್ದು. ಬೈಲಾದ ಪ್ರತಿ ಕಚೇರಿಯಲ್ಲಿ ನೋಡಲು ಸಿಗುತ್ತದೆ. ವಾಕ್ಯ ಬರೆಯಲು ತೊಡಕೆನಿಸುವವರು ಕಚೇರಿಯ ವೇಳೆಯಲ್ಲಿ ಬಂದು ಬಾಯಿಮಾತಿನಲ್ಲಿ ಹೇಳಿದರೆ ಬರೆದುಕೊಡುವಂತೆ ಸಿಬ್ಬಂದಿಗೆ ತಿಳಿಸಿದ್ದೇವೆ.